ಬಳೆಗಾರ್ತಿ ಬದಲಿಸಿದ ಅಳತೆ

"ಗುರುಗಳೇ, ವಯಸ್ಸು ಮೀರಿದ ಮೇಲೆ ಹೊಸ ವಿದ್ಯೆಗೆ ಕೈ ಹಾಕುವವರನ್ನು ತಡೆಯುವುದು ಅವರ ಹಿತ ಬಯಸುವವರ ಕರ್ತವ್ಯವಲ್ಲವೇ?" ಎಂದು ನಿಜಗುಣ ಕೇಳಿದ.

ನಿಜಗುಣ ಪಕ್ಕದ ಊರಿನ ಶಾಲೆಯಲ್ಲಿ ಮೇಷ್ಟ್ರು. ಹನ್ನೆರಡು ವರ್ಷಗಳಿಂದ ಗುರುವಾರ ಸಂಜೆ ತಪ್ಪದೆ ಮಠಕ್ಕೆ ಬರುವವನು. ಬಂದವನು ತನ್ನ ಬಟ್ಟೆಯ ಚೀಲವನ್ನು ಬಾಗಿಲ ಪಕ್ಕದ ಗೂಟಕ್ಕೆ ಸಿಕ್ಕಿಸಿ ಆಮೇಲೆ ಕೂರುತ್ತಿದ್ದ. ಅಂದು ಚೀಲ ಅವನ ತೊಡೆಯ ಮೇಲೇ ಇತ್ತು. ಗುರುಗಳು ಅದನ್ನು ನೋಡಿದರು.

ಯಾರ ವಿಷಯ ಎಂದು ಮಾತ್ರ ಕೇಳಿದರು. ಪರಿಚಯದವರ ಮನೆಯ ವಿಷಯ ಎಂದು ನಿಜಗುಣ ಹೇಳಿದ. ಆ ಮನೆಯ ಹೆಂಗಸು ನರ್ಸಿಂಗ್ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಮೂವತ್ತನಾಲ್ಕು ದಾಟಿದೆ. ಜೊತೆಯಲ್ಲಿ ಓದುವವರು ಹದಿನೇಳು ಹದಿನೆಂಟರ ಮಕ್ಕಳು. ಓದಿ ಮುಗಿಸುವ ಹೊತ್ತಿಗೆ ತಲೆ ನೆರೆತಿರುತ್ತದೆ. ಊರವರು ನಗುವುದಿಲ್ಲವೇ ಎಂದ.

"ನಗುತ್ತಾರೆ," ಎಂದರು ಗುರುಗಳು. "ನಗುವ ಕೆಲಸಕ್ಕೆ ಓದೂ ಬೇಡ, ವಯಸ್ಸಿನ ಮಿತಿಯೂ ಇಲ್ಲ. ಒಂದು ಕತೆ ಇದೆ, ಕೇಳು. ಮುಗಿಯುವವರೆಗೆ ಬಾಯಿ ಹಾಕಬೇಡ."

ಹೀಗೆ ಹೇಳಿ ಗುರುಗಳು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ಹೆಸರು ಬೇಡ. ಹೆಸರು ಹೇಳಿದರೆ ನೀನು ಯಾವ ಊರು, ಯಾರ ಮಗಳು ಎಂದು ಕೇಳುತ್ತೀಯ, ಕತೆ ಅಲ್ಲೇ ನಿಲ್ಲುತ್ತದೆ.

ಅವಳು ಹದಿನೇಳನೆಯ ವಯಸ್ಸಿಗೆ ಪಿಯುಸಿ ಪಾಸು ಮಾಡಿದ್ದಳು. ಅದೇ ವರ್ಷ ಅಪ್ಪ ಹಾಸಿಗೆ ಹಿಡಿದ. ಬಳೆಗಳನ್ನು ಪೋಣಿಸಿ ಹೊರುವ ಮಲಾರ ಅಪ್ಪನ ಹೆಗಲಿನಿಂದ ಅವಳ ಹೆಗಲಿಗೆ ಬಂತು. ಅಣ್ಣನಿಗೆ ಪೇಟೆಯಲ್ಲಿ ಬಳೆ ಅಂಗಡಿ. ಊರೂರು ತಿರುಗುವುದು ಅವಳ ಪಾಲಿಗೆ ಉಳಿಯಿತು. ಅಪ್ಪ ಹೋದ ಮೇಲೂ ಅವಳು ಮಲಾರ ಇಳಿಸಲಿಲ್ಲ. ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ಮುರಿಯಿತು. ಅದು ಈ ಕತೆಗೆ ಬೇಕಾಗಿಲ್ಲ.

ಅಪ್ಪ ಅವಳಿಗೆ ಎರಡು ಪಾಠ ಹೇಳಿಕೊಟ್ಟಿದ್ದ. ಮೊದಲನೆಯದು, ಹಿಡಿದ ಕೈಯನ್ನು ಕಡೆಯ ಬಳೆ ಏರುವವರೆಗೆ ಬಿಡಬಾರದು. ಅರ್ಧ ತೊಡಿಸಿದ ಕೈ ಅಶುಭ. ಮನೆಗೆ ಬೆಂಕಿ ಬಿದ್ದರೂ ಆ ಕೈಯ ಲೆಕ್ಕ ಮುಗಿಸಿಯೇ ಏಳಬೇಕು. ಎರಡನೆಯದು, ಬಳೆ ಏರದಿದ್ದರೆ ಕೈಯನ್ನು ಬಯ್ಯಬಾರದು. ಅಳತೆ ಬದಲಿಸಬೇಕು. ಬಳೆಗೆ ಎರಡು ನಾಲ್ಕು, ಎರಡು ಆರು, ಎರಡು ಎಂಟು ಎಂದು ಅಳತೆಗಳಿವೆ. ಲೆಕ್ಕ ಏರಿದಂತೆ ಬಳೆ ದೊಡ್ಡದು. ಹೆಬ್ಬೆರಳ ಬುಡ ಒತ್ತಿ ನೋಡಿದರೆ ಸಾಕು, ಅವಳಿಗೆ ಅಳತೆ ತಿಳಿಯುತ್ತಿತ್ತು. ಹದಿನೇಳು ವರ್ಷ ಅವಳ ಕೈಯಲ್ಲಿ ಅಳತೆ ತಪ್ಪಲಿಲ್ಲ. ತೊಟ್ಟ ಹೆಂಗಸರು ಎದ್ದು ಅವಳಿಗೆ ನಮಸ್ಕಾರ ಮಾಡುತ್ತಿದ್ದರು. ಬಳೆ ತೊಡಿಸಿದವರಿಗೆ ನಮಸ್ಕರಿಸುವುದು ಆ ಕಡೆಯ ಪದ್ಧತಿ.

ಒಬ್ಬ ಹುಡುಗಿಗೆ ಮದುವೆಯ ಬಳೆ ತೊಡಿಸಿದವಳು ಇವಳೇ. ಸಣ್ಣ ಕೈ, ಎರಡು ನಾಲ್ಕು. ವರ್ಷದೊಳಗೆ ಹುಡುಗಿ ಬಸುರಿಯಾದಳು. ಏಳನೆಯ ತಿಂಗಳಲ್ಲಿ ತವರಿನವರು ಹಸಿರು ಬಳೆ ತೊಡಿಸುವ ಶಾಸ್ತ್ರ ಇಟ್ಟುಕೊಂಡು ಇವಳಿಗೆ ಹೇಳಿಕಳಿಸಿದರು. ಎರಡು ನಾಲ್ಕು ಬೆರಳ ಗೆಣ್ಣೇ ದಾಟಲಿಲ್ಲ. ಎರಡು ಆರು ಹೆಬ್ಬೆರಳ ಬುಡದಲ್ಲಿ ನಿಂತಿತು. ಹುಡುಗಿ ತಲೆ ನೋಯುತ್ತಿದೆ, ಬೇಗ ಮುಗಿಸಕ್ಕ ಎಂದಳು. ಬಳೆಗಾರ್ತಿ ಎರಡು ಎಂಟು ತೆಗೆದಳು. ಏರಿತು. ಮೈ ಕೈ ತುಂಬಿಕೊಂಡಿದೆ, ಗಂಡು ಮಗುವೇ ಸೈ ಎಂದು ತಮಾಷೆ ಮಾಡಿದಳು. ಕೂತ ಹೆಂಗಸರೆಲ್ಲ ನಕ್ಕರು. ಹುಡುಗಿ ಎದ್ದು ನಮಸ್ಕಾರ ಮಾಡಿದಳು.

ಹದಿನೆಂಟು ದಿನಕ್ಕೆ ಹುಡುಗಿ ಫಿಟ್ಸ್ ಬಂದು ತೀರಿಕೊಂಡಳು. ಮಗುವೂ ಉಳಿಯಲಿಲ್ಲ.

ಊರ ಹೆಂಗಸರ ಜೊತೆ ಬಳೆಗಾರ್ತಿಯೂ ಆಸ್ಪತ್ರೆಗೆ ಹೋಗಿದ್ದಳು. ವರಾಂಡದಲ್ಲಿ ಒಬ್ಬ ಹಿರಿಯ ನರ್ಸ್ ಹುಡುಗಿಯ ತಾಯಿಯನ್ನು ಕೇಳುತ್ತಿದ್ದಳು. ಮುಖ ಊದಿದೆ, ಕೈ ಊದಿದೆ, ರಕ್ತದೊತ್ತಡ ಏರಿದ್ದರ ಗುರುತು ಅದು, ಮೊದಲೇ ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತು, ಮನೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲವೇ ಎಂದು. ತಾಯಿ ಅಳುತ್ತಾ, ಮೈ ಕೈ ತುಂಬಿಕೊಂಡಿದೆ ಅಂದುಕೊಂಡೆವು ತಾಯಿ ಎಂದಳು. ಬಳೆಗಾರ್ತಿ ಕಂಬದ ಹಿಂದೆ ನಿಂತಿದ್ದಳು. ಆ ಮಾತು ತನ್ನದು ಎಂದು ಅವಳಿಗೆ ಗೊತ್ತಾಯಿತು. ಎಲ್ಲರಿಗಿಂತ ಮೊದಲು ಕಂಡದ್ದು ತನಗೇ. ಕಂಡು ತಾನು ಮಾಡಿದ್ದೆಂದರೆ ಅಳತೆ ಬದಲಿಸಿದ್ದು.

ಅವಳು ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಸಮಾಧಾನ ಮಾಡುತ್ತಾರೆ. ನಿನ್ನ ತಪ್ಪೇನಿದೆ, ನೀನು ಡಾಕ್ಟರೇ ಎನ್ನುತ್ತಾರೆ. ಅವಳಿಗೆ ಸಮಾಧಾನ ಬೇಕಾಗಿರಲಿಲ್ಲ. ಊದಿದ ಕೈಯನ್ನು ಇನ್ನೊಂದು ಸಲ ಹಿಡಿದಾಗ ಏನು ಮಾಡಬೇಕೆಂದು ತಿಳಿಯಬೇಕಿತ್ತು. ಅಷ್ಟೇ ಬೇಕಿತ್ತು.

ಪೇಟೆಯ ನರ್ಸಿಂಗ್ ಶಾಲೆಗೆ ಹೋಗಿ ವಿಚಾರಿಸಿದಳು. ಗುಮಾಸ್ತ ಅವಳ ಹಿಂದೆ ಮುಂದೆ ನೋಡಿ ಮಗಳು ಎಲ್ಲಿ ಎಂದ. ಓದುವವಳು ನಾನೇ ಎಂದಳು. ಅವನು ನಕ್ಕ, ಆದರೂ ನಿಯಮ ಹೇಳಿದ. ಅರ್ಜಿ ಕೊಡುವ ದಿನಕ್ಕೆ ಮೂವತ್ತೈದು ತುಂಬಿರಬಾರದು. ಅವಳಿಗೆ ಮೂವತ್ತೈದು ತುಂಬಲು ಇನ್ನೂ ಇಪ್ಪತ್ತಾರು ದಿನ ಇತ್ತು.

ಊರಿಗೆ ಸುದ್ದಿ ಹಬ್ಬಿತು. ನೋಡು, ಜನ ಬಯ್ದು ತಡೆದರೆ ತಡೆದುಕೊಳ್ಳಬಹುದು. ಇವರು ಪ್ರೀತಿಯಿಂದ ತಡೆದರು. ನೀನು ಹೋದರೆ ನಮಗೆ ಬಳೆ ಯಾರು ತೊಡಿಸುತ್ತಾರೆ ಎಂದರು ಹೆಂಗಸರು. ಈ ವಯಸ್ಸಿನಲ್ಲಿ ಇಂಗ್ಲಿಷಿನ ದಪ್ಪ ಪುಸ್ತಕ ತಲೆಗೆ ಹತ್ತುತ್ತದೆಯೇ ಎಂದರು. ಮುತ್ತೈದೆಯರು ನಮಸ್ಕಾರ ಮಾಡುವ ಕಸುಬು ಬಿಟ್ಟು ಕಂಡವರ ಹೇಲು ಉಚ್ಚೆ ಬಳಿಯುತ್ತೀಯಾ ಎಂದಳು ಅತ್ತಿಗೆ. ಬಳಿಯುತ್ತೇನೆ ಎಂದಳು ಇವಳು. ಆಮೇಲೆ ಅತ್ತಿಗೆ ಮಾತು ಬಿಟ್ಟಳು.

ಅಣ್ಣ ಮಾತ್ರ ಜಗಳ ಆಡಲಿಲ್ಲ. ದಿನವೂ ಪೇಟೆಗೆ ಹೋಗುವವನು ಅವನೇ. ಅರ್ಜಿ ನನ್ನ ಕೈಲಿ ಕೊಡು, ಶಾಲೆಗೆ ಮುಟ್ಟಿಸುತ್ತೇನೆ ಎಂದ. ಅವಳಿಗೆ ಕಣ್ಣು ತುಂಬಿ ಬಂತು. ಇಡೀ ಊರಿನಲ್ಲಿ ಒಬ್ಬನಾದರೂ ನನ್ನವನಿದ್ದಾನೆ ಎಂದುಕೊಂಡಳು. ಅರ್ಜಿ ಕೊಟ್ಟು ನಿಶ್ಚಿಂತಳಾಗಿ ಪಿಯುಸಿಯ ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಓದತೊಡಗಿದಳು.

ಶಾಲೆಯಲ್ಲಿ ವಿಚಾರಿಸಿ ಬಂದು ಇಪ್ಪತ್ತಮೂರು ದಿನ ಕಳೆಯಿತು. ಒಂದು ದಿನ ಅಣ್ಣನ ಅಂಗಿ ಒಗೆಯಲು ಹಾಕುವಾಗ ಅವನ ಚೀಲ ಕೆಳಗೆ ಬಿತ್ತು. ಒಳಗೆ ಅವಳ ಅರ್ಜಿ ಇತ್ತು.

ಇಲ್ಲಿ ಗುರುಗಳು ನಿಲ್ಲಿಸಿ ನೀರು ಕುಡಿದರು. ನಿಜಗುಣ ಚೀಲವನ್ನು ತೊಡೆಯ ಮೇಲಿಂದ ತೆಗೆದು ಬೆನ್ನ ಹಿಂದೆ ಇಟ್ಟ. ಗುರುಗಳು ಮುಂದುವರಿಸಿದರು.

ಮರೆತುಬಿಟ್ಟೆ ಎಂದ ಅಣ್ಣ. ಮರೆತಿರಲಿಲ್ಲ. ಕೆಟ್ಟವನೂ ಆಗಿರಲಿಲ್ಲ. ಇನ್ನು ಮೂರು ದಿನ ಕಳೆದರೆ ಬೇಡ ಎನ್ನುವ ಕಷ್ಟ ಯಾರಿಗೂ ಇರುವುದಿಲ್ಲ, ನಿಯಮವೇ ಬೇಡ ಎನ್ನುತ್ತದೆ ಎಂದು ಕಾದಿದ್ದ. ಎದುರು ನಿಂತು ಬೇಡ ಅಂದವರನ್ನು ನಾನು ಅರ್ಧ ಕ್ಷಮಿಸುತ್ತೇನೆ. ಹೂಂ ಅಂದು ಕೈಚಾಚಿ ಅರ್ಜಿ ಇಸಿದುಕೊಂಡು ದಿನ ಎಣಿಸುವವನನ್ನು ಏನು ಮಾಡಬೇಕೋ ನನಗೆ ಇವತ್ತಿಗೂ ತಿಳಿಯದು.

ಅವಳು ಕೂಗಾಡಲಿಲ್ಲ. ಅರ್ಜಿ ತೆಗೆದುಕೊಂಡು ಆಗಲೇ ನಡೆದಳು. ಬಸ್ಸು ಹೋಗಿತ್ತು. ಹಳ್ಳಿ ಹಳ್ಳಿ ತಿರುಗಿದ ಕಾಲು, ಎಂಟು ಮೈಲಿ ಅವಳಿಗೆ ಏನೂ ಅಲ್ಲ. ಗುಮಾಸ್ತ ಬೀಗ ಹಾಕುವ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಅವನು ನಾಳೆ ಬಾ ಎಂದ. ಇವತ್ತೇ ತೆಗೆದುಕೊಂಡು ಇವತ್ತಿನ ಮುದ್ರೆ ಒತ್ತಿ, ಇಲ್ಲದಿದ್ದರೆ ಇಲ್ಲಿಂದ ಕದಲುವುದಿಲ್ಲ ಎಂದು ಹೊಸ್ತಿಲ ಮೇಲೆ ಕೂತಳು. ಅವನು ಬೀಗ ತೆಗೆದ.

ಓದು ಸುಲಭವಾಯಿತು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಕತೆ ಚೆಂದ ಇರುತ್ತದೆ, ಸುಳ್ಳಾಗುತ್ತದೆ. ಹುಡುಗಿಯರು ಆಂಟಿ ಎಂದು ಕರೆದರು. ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲಿಸಿದರು. ಮೊದಲ ವರ್ಷ ಶರೀರ ರಚನೆಯ ಪರೀಕ್ಷೆಯಲ್ಲಿ ಫೇಲಾದಳು. ಅಣ್ಣ ಹಾಸ್ಟೆಲಿಗೆ ಬಂದು, ಆಯಿತಲ್ಲ, ಆಸೆ ತೀರಿತಲ್ಲ, ಮಲಾರ ಹಾಗೇ ಇದೆ ನಡಿ ಎಂದ. ಅವಳು ಬಿಸಿಬಿಸಿ ಚಹಾ ಕೊಟ್ಟು ಅವನನ್ನು ಬಸ್ಸು ಹತ್ತಿಸಿದಳು. ವಾಪಸು ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮುಖ ತೊಳೆದುಕೊಂಡು ಪುಸ್ತಕ ತೆಗೆದಳು. ಮರುಪರೀಕ್ಷೆಯಲ್ಲಿ ಪಾಸಾದಳು, ಅದೂ ಕೂದಲೆಳೆಯಲ್ಲಿ.

ಮೂರನೆಯ ವರ್ಷ. ಆಸ್ಪತ್ರೆಯಲ್ಲಿ ಗರ್ಭಿಣಿಯರ ತಪಾಸಣೆಯ ದಿನ. ಉದ್ದ ಸಾಲು ಇತ್ತು. ಕಲಿಯುವವರಿಗೆ ಅಂದು ಹೆಸರು ಬರೆದುಕೊಳ್ಳುವ ಕೆಲಸ, ಬೇರೇನೂ ಇಲ್ಲ. ಒಬ್ಬ ಅತ್ತೆ ತನ್ನ ಸೊಸೆಯನ್ನು ಸಾಲಿನಿಂದ ಬಿಡಿಸಿಕೊಂಡು ಹೊರಟಿದ್ದಳು. ಊರಿಗೆ ಇದ್ದದ್ದು ಒಂದೇ ಬಸ್ಸು, ಅದರ ಹೊತ್ತಾಗಿತ್ತು. ಸೊಸೆಯ ಕೈತುಂಬ ಹಸಿರು ಬಳೆ. ಮಣಿಕಟ್ಟಿನ ಮಾಂಸ ಬಳೆಗಳ ಎರಡೂ ಕಡೆ ಉಬ್ಬಿ ನಿಂತಿತ್ತು.

ಬಳೆಗಾರ್ತಿ ಪೆನ್ನು ಕೆಳಗಿಟ್ಟು ಆ ಕೈ ಹಿಡಿದಳು. ಯಾವ ಅಳತೆ ಎಂದು ಕೇಳಿದಳು. ಅತ್ತೆಗೆ ಹೆಮ್ಮೆ. ಮದುವೆಯಲ್ಲಿ ಎರಡು ನಾಲ್ಕು, ಹೋದ ವಾರದ ಶಾಸ್ತ್ರಕ್ಕೆ ಎರಡು ಎಂಟು, ನಮ್ಮ ಮನೆಯ ಊಟ ಮೈಗೆ ಹತ್ತಿದೆ ಎಂದಳು. ತಲೆ ನೋಯುತ್ತದೆಯೇ ಎಂದು ಇವಳು ಸೊಸೆಯನ್ನು ಕೇಳಿದಳು. ಸೊಸೆ ಹೌದೆಂದು ತಲೆ ಆಡಿಸಿದಳು.

ಅವಳು ಕೈ ಬಿಡಲಿಲ್ಲ. ಮೊದಲು ಇವರ ಬಿಪಿ ನೋಡಿ ಎಂದು ಕೂಗಿದಳು. ಸಾಲಿನಲ್ಲಿದ್ದವರು ರೇಗಿದರು. ಅತ್ತೆ ಸೊಸೆಯ ಇನ್ನೊಂದು ಕೈ ಹಿಡಿದು ಎಳೆದಳು. ವಾರ್ಡಿನ ಮೇಲ್ವಿಚಾರಕಿ ಬಂದು, ಬಸುರಿಯರ ಕೈಕಾಲು ಊದುವುದು ಹೊಸದೇ, ನಿನ್ನ ಜಾಗಕ್ಕೆ ಹೋಗು, ಇಲ್ಲದಿದ್ದರೆ ಶಾಲೆಗೆ ಬರೆಯುತ್ತೇನೆ, ಈ ವರ್ಷ ಪರೀಕ್ಷೆಗೆ ಕೂರುವುದು ಮರೆತುಬಿಡು ಎಂದಳು. ಹುಡುಗಿಯರು ಗಾಬರಿಯಿಂದ ನೋಡುತ್ತಿದ್ದರು. ಬಳೆಗಾರ್ತಿಗೆ ಆಗ ಮೂವತ್ತೇಳು ವಯಸ್ಸು. ಈ ವರ್ಷ ಕಳೆದುಕೊಂಡರೆ ಇನ್ನೊಂದು ಸಲ ಶುರು ಮಾಡಲು ಯಾವ ಶಾಲೆಯೂ ಬಾಗಿಲು ತೆಗೆಯುವುದಿಲ್ಲ. ಅದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

"ಬರೀರಿ ಮೇಡಂ," ಎಂದಳು. "ಮೊದಲು ಬಿಪಿ ನೋಡಿ, ಆಮೇಲೆ ಬರೀರಿ. ಅಲ್ಲಿವರೆಗೂ ಈ ಕೈ ಬಿಡಲ್ಲ."

ಮೇಲ್ವಿಚಾರಕಿ ಸಿಟ್ಟಿನಲ್ಲೇ ಬಿಪಿ ಯಂತ್ರ ತರಿಸಿದಳು. ಇವಳ ಬಾಯಿ ಮುಚ್ಚಿಸಬೇಕೆಂದೇ ತರಿಸಿದಳು. ಪಟ್ಟಿ ಸುತ್ತಿ ಒಮ್ಮೆ ನೋಡಿದಳು. ಗಾಳಿ ಬಿಟ್ಟು ಇನ್ನೊಮ್ಮೆ ನೋಡಿದಳು. ಆಮೇಲೆ ಡಾಕ್ಟರ ಕೋಣೆಗೆ ಓಡಿದಳು.

ಸೊಸೆಯನ್ನು ಮಂಚಕ್ಕೆ ಸೇರಿಸಿದರು. ಕೈಗೆ ಸೂಜಿ ಹಾಕಿ ಔಷಧ ಬಿಡಬೇಕು, ಬಳೆ ಅಡ್ಡ. ಒಡೆದು ತೆಗೆಯಿರಿ ಎಂದರು. ಹಸಿರು ಬಳೆ ಒಡೆದರೆ ನನ್ನ ಮಗನ ಗತಿಯೇನು ಎಂದು ಅತ್ತೆ ಮಂಚಕ್ಕೆ ಅಡ್ಡ ನಿಂತಳು. ಸರಿ, ಒಂದೂ ಒಡೆಯುವುದಿಲ್ಲ, ನೀವು ಪಕ್ಕಕ್ಕೆ ಬನ್ನಿ ಎಂದಳು ಬಳೆಗಾರ್ತಿ. ಸೋಪಿನ ನೀರಲ್ಲಿ ಕೈ ನೆನೆಸಿ, ಹೆಬ್ಬೆರಳನ್ನು ಅಂಗೈಗೆ ಮಡಿಸಿ, ಒಂದೊಂದಾಗಿ ಜಾರಿಸಿದಳು. ಕೈಗೊಂದರಂತೆ ಬಳೆ ಉಳಿಸಿ ಅತ್ತೆಗೆ ತೋರಿಸಿದಳು. ಮಿಕ್ಕಿದ್ದನ್ನು ದಾರಕ್ಕೆ ಪೋಣಿಸಿ ಮಂಚಕ್ಕೆ ಕಟ್ಟಿದಳು. ಊದಿದ ಕೈಯಲ್ಲಿ ನರ ಕಾಣುತ್ತಿರಲಿಲ್ಲ. ಮೇಲ್ವಿಚಾರಕಿ ಪಕ್ಕದಲ್ಲಿ ನಿಂತು ನೀನೇ ಹಾಕು ಎಂದಳು. ಬೆರಳಲ್ಲಿ ತಡಕಿ, ಎರಡನೆಯ ಸಲಕ್ಕೆ ಸೂಜಿ ಹಾಕಿದಳು.

ಸೊಸೆ ಉಳಿದಳು. ಮಗು ಅವಸರಕ್ಕೆ ಹುಟ್ಟಿತು, ಸಣ್ಣದಾಗಿತ್ತು, ಅದೂ ಉಳಿಯಿತು. ಹೆಣ್ಣು ಮಗು. ಶಾಲೆಗೆ ದೂರು ಹೋಗಲಿಲ್ಲ. ಬಳೆಗಾರ್ತಿ ಪರೀಕ್ಷೆಗೆ ಕೂತಳು, ಪಾಸಾದಳು.

ಸುದ್ದಿ ಊರಿಗೆ ಹೋಯಿತು. ನಗುತ್ತಿದ್ದವರೆಲ್ಲ ಈಗ ಹೊಗಳಿದರು. ಜನಕ್ಕೆ ಅದೂ ಸಲೀಸು. ಅಣ್ಣ ಹಣ್ಣು ತೆಗೆದುಕೊಂಡು ಬಂದ. ನಮ್ಮ ಕಸುಬು ದೊಡ್ಡದು ನೋಡು ಎಂದ. ಅಷ್ಟು ಓದಿದವರಿಗೆ ಕಾಣದ್ದು ಬಳೆಗಾರ್ತಿಯ ಕಣ್ಣಿಗೆ ಕಂಡಿತು, ಅಪ್ಪ ಕಲಿಸಿದ ವಿದ್ಯೆಯೇ ಕೈ ಹಿಡಿಯಿತು, ಇಷ್ಟಕ್ಕೆ ಮೂರು ವರ್ಷ ಯಾಕೆ ಸುಟ್ಟುಕೊಂಡೆ ಎಂದ. ಮನಸ್ಸಿನಿಂದಲೇ ಅಂದ. ಹೊಗಳುತ್ತಿದ್ದೇನೆ ಎಂದೇ ತಿಳಿದಿದ್ದ.

ಆಗ ಅವಳು ಮೂರು ವರ್ಷ ಯಾರಿಗೂ ಹೇಳದ್ದನ್ನು ಹೇಳಿದಳು. ಆ ಮೊದಲ ಹುಡುಗಿಯ ಹೆಸರು ಹೇಳಿದಳು. ಅಣ್ಣನಿಗೆ ಆ ಸಾವು ನೆನಪಿತ್ತು.

"ಬಳೆಗಾರ್ತಿ ಕಣ್ಣಿಗೆ ಆವತ್ತೂ ಕಂಡಿತ್ತಣ್ಣ," ಎಂದಳು. "ಕಂಡು ದೊಡ್ಡ ಬಳೆ ತೊಡಿಸಿ ಕಳಿಸಿದೆ. ಈ ಹುಡುಗಿಯನ್ನ ಉಳಿಸಿದ್ದು, ನೀನು ಸುಟ್ಟುಹೋಯ್ತು ಅಂದೆಯಲ್ಲ, ಆ ಮೂರು ವರ್ಷ. ನೀನು ಚೀಲದಲ್ಲಿ ಇಟ್ಟುಕೊಂಡಿದ್ದೆಯಲ್ಲ, ಆ ಅರ್ಜಿ."

ಅಣ್ಣ ಹಣ್ಣಿನ ಪೊಟ್ಟಣವನ್ನು ಕೆಳಗಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಕತ್ತಲಾಗುವುದರಲ್ಲಿತ್ತು. ನಿಜಗುಣ ಮೆಲ್ಲಗೆ, ಆ ಬಳೆಗಾರ್ತಿಗೆ ದೊಡ್ಡ ಕಾರಣ ಇತ್ತು ಗುರುಗಳೇ, ಎಲ್ಲರಿಗೂ ಅಂಥ ಕಾರಣ ಇರುತ್ತದೆಯೇ ಎಂದ.

"ಆ ಅಣ್ಣನೂ ಕಾರಣ ಕೇಳಿರಲಿಲ್ಲ," ಎಂದರು ಗುರುಗಳು.

ನಿಜಗುಣ ಬೆನ್ನ ಹಿಂದಿನ ಚೀಲಕ್ಕೆ ಕೈ ಹಾಕಿ ಅದನ್ನು ಎತ್ತಿಕೊಂಡ. ಬಸ್ಸಿಗೆ ಹೊತ್ತಾಯಿತು ಎಂದು ನಮಸ್ಕಾರ ಮಾಡಿ ಎದ್ದ. ಬಾಗಿಲವರೆಗೆ ಹೋಗಿದ್ದ. ಗುರುಗಳು ಕೂತಲ್ಲಿಂದಲೇ ಕರೆದರು.

"ನಿಜಗುಣ, ಬರುವ ಬುಧವಾರ ನಿನ್ನ ಹೆಂಡತಿಗೆ ಮೂವತ್ತೈದು ತುಂಬುತ್ತದಂತೆ, ಅವಳ ಅರ್ಜಿ ಇನ್ನೂ ಆ ಚೀಲದಲ್ಲಿ ಏನು ಮಾಡುತ್ತಿದೆ?"